ಗೇಟಿನ ಒಳಗೆ ಹೋಗಲು ಎರಡು ವರ್ಷ

2019ರ ಆಗಸ್ಟ್, ಒಂದು ಗುರುವಾರದ ಸಂಜೆ. ಬೆಂಗಳೂರಿನ ಒಂದು ಹಳೇ ಚರ್ಚಿನ ಕಾಂಪೌಂಡ್ ಮುಂದೆ ನಿಂತಿದ್ದೆ. ಯಾವ ಏರಿಯಾ ಅಂತ ಹೇಳುವುದಿಲ್ಲ. ಅಲ್ಲಿ ಈಗಲೂ ಮೀಟಿಂಗ್ ನಡೆಯುತ್ತದೆ, ಬರುವವರಿಗೆ ತೊಂದರೆ ಆಗಬಾರದು. ಚೀಟಿಯಲ್ಲಿ ಬರೆದುಕೊಂಡಿದ್ದ ವಿಳಾಸ ಅದೇ. ಆದರೆ ಹೊರಗೆ ಎಲ್ಲೂ ಬೋರ್ಡ್ ಕಾಣಲಿಲ್ಲ. ಒಳಗೆ ಶಾಲೆಯ ಕಟ್ಟಡ, ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕೈದು ಸ್ಕೂಟರ್. ವಾಚ್‌ಮನ್ ಹತ್ತಿರ ಹೋಗಿ, "ಇಲ್ಲಿ ಏಳು ಗಂಟೆಗೆ ಮೀಟಿಂಗ್ ಅಂತೆ..." ಅಂದೆ.

"ಕುಡಿಯೋದು ಬಿಡೋರ ಮೀಟಿಂಗಾ ಸಾರ್? ಸೀದಾ ಹೋಗಿ, ಹಿಂದ್ಗಡೆ ರೂಮು."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಅಂಚೆ ಕಚೇರಿಗೆ ದಾರಿ ಹೇಳಿದ ಹಾಗೆ ಹೇಳಿದರು. ಆದರೆ ಗೇಟಿನ ಪಕ್ಕ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು, "ಅಲ್ಲ, ಪೇರೆಂಟ್ಸ್ ಮೀಟಿಂಗ್" ಅಂದುಬಿಟ್ಟೆ. "ಅದು ಇವತ್ತಿಲ್ಲ ಸಾರ್" ಅಂದರು. ತಿರುಗಿ ಹೊರಟೆ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ವೈನ್ ಶಾಪ್ ಇತ್ತು.

ಆ ಗೇಟಿನಿಂದ ಹಿಂದಿನ ರೂಮಿಗೆ ಹೆಚ್ಚೆಂದರೆ ಐವತ್ತು ಹೆಜ್ಜೆ. ಅಷ್ಟು ನಡೆಯಲು ನನಗೆ ಇನ್ನೂ ಎರಡು ವರ್ಷ ಮೂರು ತಿಂಗಳು ಬೇಕಾಯಿತು.

ನನ್ನ ಊರು ಮಂಡ್ಯದ ಕಡೆ. ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಕುಡಿತ ಶುರುವಾದ ಕತೆಯಲ್ಲಿ ವಿಶೇಷ ಏನೂ ಇಲ್ಲ. ಶನಿವಾರ ಅಂತ ಇದ್ದದ್ದು ದಿನಾ ಆಯಿತು, ರಾತ್ರಿ ಅಂತ ಇದ್ದದ್ದು ಬೆಳಗ್ಗೆ ಆಯಿತು. ಕೊನೆಕೊನೆಗೆ ಹಲ್ಲುಜ್ಜುವ ಮೊದಲು ಒಂದು ನೈಂಟಿ ಬೇಕಾಗುತ್ತಿತ್ತು. ಟೆಟ್ರಾ ಪ್ಯಾಕ್ ತರುತ್ತಿದ್ದೆ. ಬಾಟ್ಲಿ ಆದರೆ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಗೆ ತಾಗಿ ಸದ್ದು ಮಾಡುತ್ತದೆ. ಪ್ಯಾಕ್ ಸದ್ದು ಮಾಡುವುದಿಲ್ಲ.

2018ರಲ್ಲಿ ಮಗಳ ಶಾಲೆಯ ಫೀಸಿಗೆ ಕೊಟ್ಟ ಚೆಕ್ ವಾಪಸ್ ಬಂತು. ಖಾತೆಯಲ್ಲಿ ದುಡ್ಡಿತ್ತು. ಸಹಿ ತಾಳೆ ಆಗುತ್ತಿಲ್ಲ ಅಂತ ಬರೆದಿತ್ತು. ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಒಂದು ಹಾಳೆ ಕೊಟ್ಟು, "ಇಲ್ಲಿ ಮೂರು ಸಲ ಸೈನ್ ಮಾಡಿ ಸಾರ್" ಅಂದಳು. ಬೆಳಗ್ಗೆ ಹತ್ತೂವರೆ. ಮೂರು ಸಹಿ, ಮೂರೂ ಬೇರೆ ಬೇರೆ. ಕೊನೆಯ ಅಕ್ಷರದ ಬಾಲ ಗೆರೆ ದಾಟಿ ಹಾಳೆಯ ಅಂಚಿಗೆ ಓಡಿತ್ತು. ಅವಳು ಹಾಳೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. "ಐದು ನಿಮಿಷ, ಬಂದೆ" ಅಂತ ಹೊರಗೆ ಹೋದೆ. ಒಂದು ನೈಂಟಿ ಕುಡಿದು ಬಂದು ಮತ್ತೆ ಸಹಿ ಹಾಕಿದೆ. ಈ ಸಲ ಸರಿಯಾಗಿ ಬಂತು.

ಇದನ್ನು ಯಾರ ಹತ್ತಿರ ಹೇಳಬೇಕು? ವರ್ಷಗಟ್ಟಲೆ ನನ್ನೊಳಗೆ ಇದ್ದ ಪ್ರಶ್ನೆ ಇದೊಂದೇ. ಹೆಂಡತಿಗೆ ಹೇಳಿದರೆ ಅಳುತ್ತಾಳೆ. ಜೊತೆಗೆ ಕುಡಿಯುವವರಿಗೆ ಹೇಳಿದರೆ ನಗುತ್ತಾರೆ. ಅಮ್ಮನಿಗೆ ಹೇಳಿದರೆ ಮನೆದೇವರಿಗೆ ಹರಕೆ ಹೊರುತ್ತಾಳೆ. ಕುಡಿಯದೆ ನನ್ನ ಹೆಸರನ್ನೇ ಬರೆಯೋಕೆ ಆಗಲ್ಲ ಅನ್ನುವ ಮಾತನ್ನು, ಗಾಬರಿಯಾಗದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳುವ ಒಬ್ಬರೂ ನನಗೆ ಗೊತ್ತಿರಲಿಲ್ಲ.

ಆಮೇಲೆ ಲಾಕ್‌ಡೌನ್ ಬಂತು. 2020ರ ಮಾರ್ಚ್ ಕೊನೆಯಲ್ಲಿ ಅಂಗಡಿಗಳೆಲ್ಲ ಬಂದ್. ಮನೆಯಲ್ಲಿ ಬಚ್ಚಿಟ್ಟದ್ದು ಮುಗಿಯಿತು. ಮುಗಿದ ಮರುದಿನ ರಾತ್ರಿ ನೀರು ಕುಡಿಯಲು ಎದ್ದವನು ಅಡುಗೆಮನೆಯಲ್ಲಿ ಬಿದ್ದೆ. ಫಿಟ್ಸ್. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಮಗಳು ನೋಡಿದಳು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದಿನಾ ಜಾಸ್ತಿ ಕುಡಿಯುವವರಿಗೆ "ಮನಸ್ಸು ಗಟ್ಟಿ ಮಾಡಿ ಇವತ್ತೇ ಬಿಟ್ಟುಬಿಡು" ಅಂತ ಹೇಳಬೇಡಿ. ವರ್ಷಗಟ್ಟಲೆ ಆಲ್ಕೋಹಾಲ್ ಮಿದುಳನ್ನು ಮಂಕು ಮಾಡುತ್ತಾ ಬಂದಿರುತ್ತದೆ. ಮಿದುಳು ಅದಕ್ಕೆ ಎದುರಾಗಿ ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಒಂದೇ ಸಲ ನಿಲ್ಲಿಸಿದರೆ ಆ ಓಟಕ್ಕೆ ಬ್ರೇಕ್ ಇರುವುದಿಲ್ಲ. ಮೊದಲು ಕೈ ನಡುಕ, ಬೆವರು. ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಆಮೇಲಿನ ದಿನಗಳಲ್ಲಿ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಪ್ರಾಣಕ್ಕೇ ಅಪಾಯ ಆಗಬಹುದು. ಇದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ನನಗೆ ಮಾತ್ರೆ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಹಾಕಿದರು. ವಾರದಲ್ಲಿ ನಡುಕ ನಿಂತಿತು. ಇನ್ನೊಂದು, ಗೋಡೆಗಳ ಮೇಲೆ ಜಾಹೀರಾತು ನೋಡಿರುತ್ತೀರಿ: "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ. ಸಾರಿನಲ್ಲಿ ಕದ್ದು ಕಲಸುವ ಪುಡಿ, ಮಾತ್ರೆ. ದಯವಿಟ್ಟು ಅದನ್ನು ಮಾಡಬೇಡಿ. ಕೆಲವು ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿ.ಪಿ. ಕುಸಿದು ಜೀವಕ್ಕೇ ಸಂಚಕಾರ ಬರುತ್ತದೆ. ತಾನು ಅದನ್ನು ತಿಂದಿದ್ದೇನೆ ಅನ್ನುವುದೂ ಆ ಮನುಷ್ಯನಿಗೆ ಗೊತ್ತಿರುವುದಿಲ್ಲ.

ಆಸ್ಪತ್ರೆ ನನ್ನ ಮೈಯಿಂದ ಎಣ್ಣೆ ತೆಗೆಯಿತು. ಒಂದು ತಿಂಗಳಿಗೂ ಜಾಸ್ತಿ ಕುಡಿಯದೆ ಇದ್ದೆ. ಮೇ 4ರಂದು ಎಂ.ಆರ್.ಪಿ. ಅಂಗಡಿಗಳು ತೆರೆದವು. ಬೆಳಗ್ಗೆ ಎಂಟಕ್ಕೆ ನಾನು ಸಾಲಿನಲ್ಲಿದ್ದೆ. ಆಗ ನಡುಕ ಇರಲಿಲ್ಲ, ಬೆವರು ಇರಲಿಲ್ಲ. ಮೈ ಎಣ್ಣೆ ಕೇಳುತ್ತಿರಲಿಲ್ಲ. ಆದರೂ ಹೋಗಿ ನಿಂತೆ. ಯಾಕೆ ಅಂತ ಆಗ ನನಗೆ ತಿಳಿಯಲಿಲ್ಲ.

ಮರುವರ್ಷ ಮನೆಯವರು ಊರಾಚೆಯ ಒಂದು ಡಿ-ಅಡಿಕ್ಷನ್ ಸೆಂಟರಿಗೆ ಸೇರಿಸಿದರು. ಹೆಸರು ಬೇಡ. ಬೀಗ ಹಾಕಿದ ಹಾಲ್, ಬೈಗುಳ, ಡಾಕ್ಟರ ಮುಖ ನೋಡಿದ್ದು ಒಂದೇ ಸಲ. ಹೊರಗೆ ಬಂದ ಸಂಜೆಯೇ ಕುಡಿದೆ. ಇಂಥ ಕಡೆ ಯಾರನ್ನಾದರೂ ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇವು ನೋಂದಣಿ ಆಗಿರಲೇಬೇಕು. ಅಲ್ಲಿಗೆ ಸೇರಿದವರಿಗೂ ಹಕ್ಕುಗಳಿವೆ.

ಮತ್ತೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ಒಬ್ಬ ನರ್ಸ್ ಚೀಟಿಯ ಹಿಂದೆ ಒಂದು ನಂಬರ್ ಬರೆದುಕೊಟ್ಟರು. "ಇವರು ಡಾಕ್ಟರ್ ಅಲ್ಲ, ನಿಮ್ಮ ಹಾಗೇ ಕುಡೀತಿದ್ದೋರು. ಒಂದ್ಸಲ ಮಾತಾಡಿ" ಅಂದರು. ಎರಡು ದಿನ ಚೀಟಿ ಜೇಬಿನಲ್ಲೇ ಇತ್ತು. ಮೂರನೇ ದಿನ ಆಫೀಸಿನ ಟೆರೇಸಿಗೆ ಹೋಗಿ ಫೋನ್ ಮಾಡಿದೆ. ಎತ್ತಿದವರು ನನ್ನ ಪೂರ್ತಿ ಹೆಸರು ಕೇಳಲಿಲ್ಲ. ಎಷ್ಟು ಕುಡೀತೀರಿ ಅಂತಲೂ ಕೇಳಲಿಲ್ಲ. "ಊಟ ಆಯ್ತಾ?" ಅಂದರು. ಆಮೇಲೆ ತಮ್ಮ ಕತೆ ಶುರು ಮಾಡಿದರು. ಫೋನ್ ಮಾಡಿದವನು ನಾನು, ಕಷ್ಟ ಹೇಳಿಕೊಂಡವರು ಅವರು. ಇದೇನು ಅಂತ ಆಗ ವಿಚಿತ್ರ ಅನ್ನಿಸಿತ್ತು.

ಅದರ ಅರ್ಥ ನನಗೆ ಗೊತ್ತಾಗಿದ್ದು ಎ.ಎ. ಹುಟ್ಟಿದ ಕತೆ ಕೇಳಿದ ಮೇಲೆ. ಎ.ಎ. ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿಯುತ್ತಿದ್ದವರೇ ಸೇರಿ ಕುಡಿಯದೆ ಇರಲು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ನನ್ನ ಫೋನ್ ಎತ್ತಿದವರು ಅದರವರೇ. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕಿನ ಶೇರು ವ್ಯಾಪಾರದ ಬಿಲ್ ವಿಲ್ಸನ್ ಅಲ್ಲಿಗೆ ಒಂದು ವ್ಯವಹಾರಕ್ಕೆ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಒಬ್ಬರೇ ನಿಂತಿದ್ದರು. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಕಡೆ ಹೋಗಿ ಊರಿನ ಪಾದ್ರಿಗಳ ಪಟ್ಟಿ ನೋಡಿ ಕರೆ ಮಾಡಿದರು. ತನಗೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಅನ್ನುವ ಸರ್ಜನ್. ಹದಿನೈದು ನಿಮಿಷ ಮಾತ್ರ ಅಂತ ಒಪ್ಪಿ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು.

ನನಗೆ ಈ ಕತೆಯಲ್ಲಿ ಮುಖ್ಯ ಅನ್ನಿಸಿದ್ದು ಆ ಹುಡುಕಾಟ. ಬಿಲ್ ಹೊರಟದ್ದು ಬಾಬ್ ಅವರನ್ನು ಉದ್ಧಾರ ಮಾಡೋಕೆ ಅಲ್ಲ. ಆ ಸಂಜೆ ತಾನು ಕುಡಿಯದೆ ಇರೋಕೆ. ನನ್ನ ಫೋನ್ ಎತ್ತಿದವರೂ ಅಷ್ಟೇ. ಎರಡೂ ಕಡೆಯವರಿಗೆ ಅಗತ್ಯ ಇರುವುದರಿಂದ ಅಲ್ಲಿ ಮೇಲೆ ಕೆಳಗೆ ಅನ್ನುವುದು ಬರುವುದಿಲ್ಲ. ನಮ್ಮ ದೇಶಕ್ಕೆ ಇದು 1957ರಲ್ಲಿ ಬಂತು, ಮೊದಲು ಮುಂಬೈಗೆ.

2021ರ ನವೆಂಬರಿನಲ್ಲಿ ಮೊದಲು ಹೋಗಿದ್ದು ಮನೆಗೆ ಹತ್ತಿರದ ಒಂದು ಇಂಗ್ಲಿಷ್ ಗ್ರೂಪಿಗೆ. ಒಳ್ಳೆಯ ಜನ. ಕುರ್ಚಿ ಕೊಟ್ಟರು, ಟೀ ಕೊಟ್ಟರು. ನನ್ನ ಸರದಿ ಬಂದಾಗ "ಐ ಆಮ್ ಆನ್ ಆಲ್ಕೋಹಾಲಿಕ್" ಅಂದೆ. ಸಲೀಸಾಗಿ ಬಂತು. ಅರ್ಜಿ ಫಾರಂ ತುಂಬಿದ ಹಾಗೆ. ನಾಲ್ಕು ವಾರ ಹೋದೆ. ಆಫೀಸಿನ ಇಂಗ್ಲಿಷ್ ನನಗೆ ಬರುತ್ತದೆ, ಕೇಳಿದ್ದೆಲ್ಲ ತಿಳಿಯುತ್ತಿತ್ತು. ಆದರೆ ನಾನು ಕುಡಿದದ್ದು ಇಂಗ್ಲಿಷಿನಲ್ಲಿ ಅಲ್ವಲ್ಲ. ಸುಳ್ಳು ಹೇಳಿದ್ದು ಕನ್ನಡದಲ್ಲಿ, ಬೈಸಿಕೊಂಡದ್ದು ಕನ್ನಡದಲ್ಲಿ. ರಾತ್ರಿ ಎರಡು ಗಂಟೆಗೆ ಬಾಗಿಲ ಹತ್ತಿರ ನಿಂತು ಮಗಳು "ಅಪ್ಪ, ಚಪ್ಪಲಿ ಬಿಚ್ಚಿ ಬಾ" ಅಂದದ್ದನ್ನು ನಾನು ಯಾವ ಇಂಗ್ಲಿಷಿನಲ್ಲಿ ಹೇಳಲಿ?

ಆ ಗ್ರೂಪಿನವರೇ ಒಬ್ಬರು, "ಗುರುವಾರ ಒಂದು ಕನ್ನಡ ಗ್ರೂಪ್ ಇದೆ, ಅಲ್ಲಿಗೂ ಹೋಗಿ ನೋಡಿ" ಅಂತ ವಿಳಾಸ ಕೊಟ್ಟರು. ನೋಡಿದರೆ ಅದೇ ಚರ್ಚು, ಅದೇ ಗೇಟು. ಈ ಸಲ ವಾಚ್‌ಮನ್ ಹತ್ತಿರ ಏನೂ ಕೇಳಲಿಲ್ಲ. ಸೀದಾ ನಡೆದೆ.

ನಾಲ್ಕನೇ ಕ್ಲಾಸಿನ ರೂಮು. ಗೋಡೆಯ ಮೇಲೆ ಕಾಗುಣಿತದ ಚಾರ್ಟು. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಮೊಣಕಾಲು ಮೇಲೆ ಮಾಡಿಕೊಂಡು ಕೂತಿದ್ದರು, ಸುಮಾರು ಹದಿನೈದು ಜನ. ಒಬ್ಬರು ಎದ್ದು ನಿಂತು ಓದಿದರು. ಇಲ್ಲಿ ಸೇರಲು ಶುಲ್ಕ ಇಲ್ಲ, ಕುಡಿತ ನಿಲ್ಲಿಸಬೇಕು ಅನ್ನುವ ಆಸೆ ಇದ್ದರೆ ಸಾಕು, ಯಾವ ಧರ್ಮಕ್ಕೂ ಪಕ್ಷಕ್ಕೂ ನಾವು ಸೇರಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಶೇರಿಂಗ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಅನ್ನುವುದು ನಿಯಮ. ಅದಕ್ಕೇ ಮುಂದೆ ಬರೆಯುವ ಎರಡು ಮೂರು ಮಾತುಗಳನ್ನು ಹೇಳಿದವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ವಯಸ್ಸಾದ ಒಬ್ಬರು ಹೇಳಿದರು: "ಬೆಳಗ್ಗೆ ಗ್ಲಾಸು ಬಾಯಿಗೆ ಬರ್ತಿರಲಿಲ್ಲ. ಟವಲ್ಲಿನ ಒಂದು ತುದಿ ಗ್ಲಾಸು ಹಿಡಿದ ಕೈಗೆ ಸುತ್ಕೊಂಡು, ಕತ್ತಿನ ಹಿಂದಿಂದ ತಂದು ಇನ್ನೊಂದು ಕೈಯಲ್ಲಿ ಎಳೀತಿದ್ದೆ. ರಾಟೆ ಎಳೆದ ಹಾಗೆ." ಯಾರೂ ಅಯ್ಯೋ ಅನ್ನಲಿಲ್ಲ. ಇಬ್ಬರು ಮೂವರು ಸುಮ್ನೆ ತಲೆ ಆಡಿಸಿದರು.

ನನ್ನ ಸರದಿ ಬಂತು. ಹೆಸರು ಹೇಳಿದೆ. ಮುಂದಿನ ಪದ ಬರಲಿಲ್ಲ. ಕನ್ನಡದಲ್ಲಿ ಆ ಪದ ಅಂದರೆ ಅಮ್ಮ ಬೀದಿಯಲ್ಲಿ ನಿಂತು ನನ್ನ ಚಿಕ್ಕಪ್ಪನನ್ನು ಬೈಯುತ್ತಿದ್ದ ಪದ. ಮುಂದೆ ಕೂತಿದ್ದವರು, "ಏನೂ ಹೇಳದೆ ಇದ್ರೂ ಪರವಾಗಿಲ್ಲ, ಬಂದಿದ್ದೀರಲ್ಲ" ಅಂದರು. ಆಮೇಲೆ ಬ್ಯಾಂಕಿನ ಸಹಿಯ ಕತೆ ಹೇಳಿದೆ. ಹೆಂಡತಿಗೂ ಹೇಳದೆ ಇದ್ದದ್ದು. ಮೂರು ಸಹಿ, ಹೊರಗೆ ಹೋದದ್ದು, ನೈಂಟಿ, ನಾಲ್ಕನೇ ಸಹಿ. ನನ್ನ ಪಕ್ಕದ ಹುಡುಗ, ಇಪ್ಪತ್ತೆಂಟು ಇರಬಹುದು, ತನ್ನ ಸರದಿಯಲ್ಲಿ ಹೇಳಿದ: "ನಾನು ಎಟಿಎಂ ಪಿನ್ ಒತ್ತೋಕೆ ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡ್ಕೊಳ್ತಿದ್ದೆ ಅಣ್ಣ."

ಅಷ್ಟೇ. ಆ ರಾತ್ರಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮೇ 4ರಂದು ಸಾಲಿನಲ್ಲಿ ಯಾಕೆ ನಿಂತಿದ್ದೆ ಅನ್ನುವುದು ಅಲ್ಲಿ ಗೊತ್ತಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ತಿಂಗಳು ನಾನು ಒಬ್ಬನೇ ಇದ್ದೆ. ಮನೆ ತುಂಬ ಜನ ಇದ್ದರು, ಆದರೂ ಒಬ್ಬನೇ. ಆ ಸಾಲಿನಲ್ಲಿ ನನ್ನ ಥರದವರು ಇದ್ದರು.

ಮನೆಯಲ್ಲಿ ಬೇರೆ ಗಲಾಟೆ. "ಚರ್ಚಿಗೆ ಯಾಕೋ ಹೋಗ್ತೀಯ?" ಅಂತ ಅಮ್ಮ. ಅದು ಬಾಡಿಗೆ ರೂಮು ಅಮ್ಮ, ಡಬ್ಬಿಗೆ ನಾವು ಹಾಕುವ ಹತ್ತು ಇಪ್ಪತ್ತು ರೂಪಾಯಿಯಲ್ಲೇ ಬಾಡಿಗೆ, ಟೀ ಎಲ್ಲ, ಹೊರಗಿನವರ ಕಾಸು ತಗೊಳ್ಳೋದಿಲ್ಲ ಅಂತ ವಿವರಿಸಿದೆ. ದೇವರ ಮಾತು ಅಲ್ಲಿ ಬರುತ್ತದೆ, ನಿಜ. ಎ.ಎ.ಯವರು ಕುಡಿತ ಬಿಡಲು ಪಾಲಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ ನಮಗಿಂತ ದೊಡ್ಡ ಶಕ್ತಿಯೊಂದರ ಮೇಲೆ ಭಾರ ಹಾಕುವ ಮಾತಿದೆ. ಆದರೆ ಅದು ಯಾವುದು ಅನ್ನುವುದನ್ನು ಅವರವರಿಗೇ ಬಿಟ್ಟಿದ್ದಾರೆ. ನಮ್ಮ ಗ್ರೂಪಿನಲ್ಲಿ ದೇವರನ್ನು ನಂಬದ ಒಬ್ಬರಿದ್ದಾರೆ. "ಈ ಬೆಂಚು ನನಗಿಂತ ದೊಡ್ಡದು, ಅಷ್ಟು ಸಾಕು" ಅನ್ನುತ್ತಾರೆ. ಭಾವಮೈದ, "ಇದಕ್ಕೆಲ್ಲ ಸೈನ್ಸ್ ಇದೆಯಾ?" ಅಂತ ಕೇಳಿದ. ಇದೆ. 2020ರಲ್ಲಿ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಕುಡಿತವನ್ನು ಪೂರ್ತಿ ಬಿಟ್ಟು ಹಾಗೇ ಉಳಿಯುವ ವಿಷಯದಲ್ಲಿ, ಎ.ಎ.ಗೆ ಜನರನ್ನು ವ್ಯವಸ್ಥಿತವಾಗಿ ಸೇರಿಸುವ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡಿತ್ತು.

ಎ.ಎ. ಒಂದೇ ದಾರಿ ಅಂತ ನಾನು ಹೇಳುತ್ತಿಲ್ಲ. ನನ್ನ ದೊಡ್ಡಪ್ಪನ ಮಗ ಊರಿನಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋದ. ಕಲ್ಯಾಣ ಮಂಟಪದಲ್ಲಿ ಎಂಟು ದಿನ. ಭಜನೆ, ಯೋಗ, ಡಾಕ್ಟರು, ಮನೆಯವರನ್ನು ಕರೆಸಿ ಮಾತುಕತೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ. ಅವನು ಬಿಟ್ಟು ಆರು ವರ್ಷವಾಯಿತು. "ಶಿಬಿರ ಎಂಟೇ ದಿನ ಕಣಣ್ಣ. ಆಮೇಲಿಂದೆಲ್ಲ ಸಮಿತಿನೇ" ಅನ್ನುತ್ತಾನೆ. ಅವನ ಮಾತು, ನನ್ನ ಅನುಭವ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಐದು ತಿಂಗಳು ಚೆನ್ನಾಗಿದ್ದೆ. 2022ರ ಯುಗಾದಿಗೆ ಊರಿಗೆ ಹೋದೆ. ಮರುದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡೂಟ, ಅದರ ಜೊತೆ ಉಳಿದದ್ದೆಲ್ಲ. ಹಿಂದಿನ ದಿನವೇ ಗ್ರೂಪಿನ ಹಿರಿಯರು ಫೋನ್ ಮಾಡಿ, "ಊಟ ಮುಗಿದ ತಕ್ಷಣ ಎದ್ದು ಬನ್ನಿ, ಬೇಕಾದ್ರೆ ನನಗೆ ಫೋನ್ ಮಾಡಿ" ಅಂದಿದ್ದರು. ಮಾಡಲಿಲ್ಲ. ತೋಟದ ಪಂಪ್‌ಹೌಸ್ ಹತ್ತಿರ ಚಿಕ್ಕಪ್ಪನ ಮಕ್ಕಳು ಕೂತಿದ್ದರು. ಒಂದು ಅಂತ ಕೂತೆ. ಹನ್ನೊಂದು ದಿನ ಕುಡಿತ ನಿಲ್ಲಲಿಲ್ಲ.

ಮತ್ತೆ ಆ ರೂಮಿಗೆ ಹೋಗುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು. ಹಿರಿಯರ ಪಕ್ಕ ಕೂತು, "ಯಾವ ಮುಖ ಇಟ್ಕೊಂಡು ಬರಲಿ ಅಂತ ಯೋಚ್ನೆ ಮಾಡ್ತಿದ್ದೆ" ಅಂದೆ. ಅವರು ಕೇಳಿದರು: "ಮುಂಚೆ ಕುಡಿದು ತಪ್ಪು ಮಾಡಿದ ಮೇಲೆ ಎಲ್ಲಿಗೆ ಹೋಗ್ತಿದ್ರಿ?" ಬಾರಿಗೆ ಅಂದೆ. "ಈ ಸಲ ಇಲ್ಲಿಗೆ ಬಂದ್ರಲ್ಲ." ಆಮೇಲೆ ಡಾಕ್ಟರ್ ಬಾಬ್ ಕತೆಯ ಉಳಿದ ಭಾಗ ಹೇಳಿದರು. ಬಿಲ್ ಭೇಟಿಯಾದ ಮೇಲೂ ಬಾಬ್ ಒಂದು ಸಲ ಜಾರಿದ್ದರು, ವೈದ್ಯರ ಸಮ್ಮೇಳನಕ್ಕೆ ಹೋದಾಗ. ವಾಪಸ್ ಬಂದ ಮೇಲೆ ಅವರು ಕೊನೆಯ ಸಲ ಕುಡಿದ ದಿನ 1935ರ ಜೂನ್ 10. ಎ.ಎ. ತನ್ನ ಹುಟ್ಟುಹಬ್ಬ ಅಂತ ಇಟ್ಟುಕೊಂಡಿರುವುದು ಅದೇ ದಿನವನ್ನು.

ಹೆಂಡತಿ ಈಗ ಅಲ್-ಅನಾನ್‌ಗೆ ಹೋಗುತ್ತಾಳೆ. ಕುಡಿಯುವವರ ಮನೆಯವರಿಗಾಗಿ ಇರುವ ಗ್ರೂಪ್, 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಕಟ್ಟಿದ್ದು. ಹದಿನಾಲ್ಕು ವರ್ಷ ನನ್ನ ಬಾಯಿ ಮೂಸಿ, ಬ್ಯಾಗ್ ತಡಕಿ, ಆಫೀಸಿಗೆ ಫೋನ್ ಮಾಡಿ "ಅವರಿಗೆ ಜ್ವರ" ಅಂತ ಸುಳ್ಳು ಹೇಳಿ ಅವಳು ಸೋತಿದ್ದಳು. ಅಲ್ಲಿ ಏನು ಹೇಳುತ್ತಾಳೆ ಅಂತ ನಾನು ಕೇಳುವುದಿಲ್ಲ.

ನನ್ನನ್ನು ಕಾಡುವುದು ಒಂದು ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ಏಮ್ಸ್‌ನವರು ಮಾಡಿದ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಅಂತ ಏನಾದರೂ ಸಿಕ್ಕಿರುವುದು ಒಬ್ಬರಿಗೆ. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ರೂಮಿನಲ್ಲಂತೂ ಇಲ್ಲ. ಹೆಂಗಸರು ಇನ್ನೂ ಕಡಿಮೆ. ನಮ್ಮ ಗ್ರೂಪಿಗೆ ಬರುವುದು ಒಬ್ಬರೇ ಅಕ್ಕ. ಅವರು ಮನೆಯಲ್ಲಿ ಸಂಗೀತ ಪಾಠ ಅಂತ ಹೇಳಿ ಬರುತ್ತಾರೆ. ಈಗ ಫೋನಿನ ದಾರಿಗಳಿವೆ. 14416 ಟೆಲಿ-ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ, ಹಗಲೂ ರಾತ್ರಿ, ದುಡ್ಡಿಲ್ಲ. 14446 ವ್ಯಸನ ಬಿಡಿಸುವ ಸಹಾಯವಾಣಿ. ಮೊದಲು ಹೋದ ಗ್ರೂಪ್ ಹಿಡಿಸದೆ ಇದ್ದರೆ ಇನ್ನೊಂದಕ್ಕೆ ಹೋಗಿ. ನಾನೂ ಹಾಗೇ ಮಾಡಿದ್ದು.

ಕಳೆದ ತಿಂಗಳಿಂದ ಗುರುವಾರದ ಗೇಟಿನ ಡ್ಯೂಟಿ ನನ್ನದು. ಆರೂವರೆಗೆ ಹೋಗಿ ಹೂವಿನ ಅಜ್ಜಿಯ ಪಕ್ಕ ನಿಲ್ಲುತ್ತೇನೆ. ಹೊಸಬರು ಬಂದರೆ ಒಳಗೆ ಕರೆದುಕೊಂಡು ಹೋಗಬೇಕು. ಹೋದ ವಾರ ಒಬ್ಬರು ಬೈಕಿನಲ್ಲಿ ಬಂದರು. ಹೆಲ್ಮೆಟ್ ತೆಗೆಯದೆ ರಸ್ತೆಯ ಆಚೆ ನಿಂತು ಕಟ್ಟಡ ನೋಡಿದರು. ಮುಂದೆ ಹೋಗಿ, ತಿರುಗಿಸಿಕೊಂಡು ಮತ್ತೆ ಬಂದರು. ನಾನು ಎರಡು ಹೆಜ್ಜೆ ಮುಂದೆ ಇಟ್ಟೆ. ಅವರು ಗಾಡಿ ಸ್ಟಾರ್ಟ್ ಮಾಡಿ ಹೊರಟುಹೋದರು. ಏಳೂಕಾಲರವರೆಗೆ ಕಾದೆ, ಬರಲಿಲ್ಲ. ಈ ಗುರುವಾರ ಡ್ಯೂಟಿ ಬದಲಾಗಬೇಕಿತ್ತು. ನನಗೇ ಇರಲಿ ಅಂತ ಕೇಳಿ ಇಟ್ಟುಕೊಂಡಿದ್ದೇನೆ.